ಸಿಂಕ್ಲೇರ್ ಸ್ಪೆಕ್ಟ್ರಮ್: ರಿಪೇರಿ ಆದ ಮೇಲೆ ಮೊದಲ ಸಲ ಬಣ್ಣ ಕಂಡೆ

ಮೊದಲೇ ಹೇಳಿಬಿಡುತ್ತೇನೆ, ಅಟ್ಟದ ಮೇಲೆ ಹಳೇ ಸ್ಪೆಕ್ಟ್ರಮ್ (80ರ ದಶಕದ ಪುಟ್ಟ ಮನೆ ಕಂಪ್ಯೂಟರ್) ಇದ್ದರೆ ಗುಜರಿಗೆ ಹಾಕಬೇಡಿ. ರಿಪೇರಿ ಮಾಡಿಸಿ. ನಮ್ಮ ಮನೆಯದನ್ನು ಹೋದ ತಿಂಗಳು ಮೈಸೂರಿನ ಶಿವರಾಂಪೇಟೆಯ ಒಂದು ಪುಟ್ಟ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಕೊಟ್ಟಿದ್ದೆ. ಈಗ ಎರಡು ವಾರದಿಂದ ದಿನಾ ಸಂಜೆ ಓಡುತ್ತಿದೆ.

ಇದು ಚಿಕ್ಕಪ್ಪನದು. 48ಕೆ ಮಾಡೆಲ್, ಅಂದರೆ 48 ಕೆಬಿ ಮೆಮೊರಿಯದು. 1985ರಲ್ಲಿ ಇಂಗ್ಲೆಂಡಿನಿಂದ ಸರಸ್ವತಿಪುರಂ ಮನೆಗೆ ತಂದರು. ಇದಕ್ಕೆ ಟಿವಿಯೇ ಪರದೆ. ಚಿತ್ರ ಯುಎಚ್‌ಎಫ್ ಚಾನೆಲ್ 36ರಲ್ಲಿ ಬರುತ್ತದೆ, ನಮ್ಮ ಟಿವಿಗೆ ಆ ಚಾನೆಲ್ಲೇ ಸಿಗುತ್ತಿರಲಿಲ್ಲ. ಅದಕ್ಕೇ ಜೊತೆಗೆ ಒಂದು ಸಣ್ಣ ಕಪ್ಪು-ಬಿಳುಪು ಟಿವಿಯನ್ನೂ ಹೊತ್ತು ತಂದಿದ್ದರು. ಹಾಗಾಗಿ ಪೆಟ್ಟಿಗೆಯ ಮೂಲೆಯಲ್ಲಿ ಕೆಂಪು, ಹಳದಿ, ಹಸಿರು, ನೀಲಿ ಪಟ್ಟಿ ಇದ್ದರೂ ಪರದೆ ಮೇಲೆ ನಾವು ನೋಡಿದ್ದೆಲ್ಲ ಬೂದು.

ಇದನ್ನು ಆಟಿಕೆ ಅಂತ ತಳ್ಳಿಹಾಕುವವರು ಜಾಸ್ತಿ. ರಬ್ಬರ್ ಕೀಲಿ, ಸಪೂರ ಪೆಟ್ಟಿಗೆ, ಕ್ಯಾಸೆಟ್ಟಿನಿಂದ ಒಂದು ದೊಡ್ಡ ಆಟ ಲೋಡ್ ಆಗಲು ಸುಮಾರು ಐದು ನಿಮಿಷ. ಎಲ್ಲ ನಿಜ. ಆದರೆ ಬೆಲೆ ನೋಡಿ. ಇದನ್ನು ತಂದ ಕ್ಲೈವ್ ಸಿಂಕ್ಲೇರ್ 1961ರಲ್ಲಿ ಕಂಪನಿ ಶುರು ಮಾಡಿ ರೇಡಿಯೋ ಕಿಟ್‌ಗಳನ್ನು ಅಂಚೆಯಲ್ಲಿ ಮಾರಿದವರು, 1972ರಲ್ಲಿ ಜೇಬಿಗೆ ಹಿಡಿಸುವ ಕ್ಯಾಲ್ಕುಲೇಟರ್ ತಂದವರು. 1980ರಲ್ಲಿ ಅವರ ಝಡ್‌ಎಕ್ಸ್80 ಬಂದಾಗ ಜೋಡಿಸಿದ ಕಂಪ್ಯೂಟರಿಗೆ 99.95 ಪೌಂಡ್. ಮೆಮೊರಿ ಬರೀ 1 ಕೆಬಿ, ಕೀಲಿ ಒತ್ತಿದಾಗಲೆಲ್ಲ ಪರದೆ ಒಮ್ಮೆ ಮಿಣುಕುತ್ತಿತ್ತು. ಮುಂದಿನ ವರ್ಷ ಝಡ್‌ಎಕ್ಸ್81, ಒಳಗೆ ನಾಲ್ಕೇ ಮುಖ್ಯ ಚಿಪ್, ಬೆಲೆ 69.95ಕ್ಕೆ ಇಳಿಯಿತು. 1982ರ ಏಪ್ರಿಲ್‌ನಲ್ಲಿ ಸ್ಪೆಕ್ಟ್ರಮ್. 16ಕೆ ಮಾಡೆಲ್ 125 ಪೌಂಡ್, 48ಕೆ ಮಾಡೆಲ್ 175. 1984ರಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಇಂಗ್ಲೆಂಡಿನಲ್ಲಿ 399 ಪೌಂಡ್ ಇತ್ತು. ಅದು ಗಟ್ಟಿ ಮೆಷಿನ್, ಒಪ್ಪುತ್ತೇನೆ. ಆದರೆ ಚಿಕ್ಕಪ್ಪನ ಸಂಬಳಕ್ಕೆ ಎಟುಕಿದ್ದು ಸ್ಪೆಕ್ಟ್ರಮ್ ಮಾತ್ರ.

ಬೆಲೆ ಹೇಗೆ ಇಳಿಸಿದರು ಅನ್ನೋದು ಪೆಟ್ಟಿಗೆ ಬಿಚ್ಚಿದಾಗ ಗೊತ್ತಾಯಿತು. ಅಂಗಡಿಯವರು ಭೂತಗನ್ನಡಿ ಹಿಡಿದು ಬೋರ್ಡಿನ ಮೇಲಿನ ಮೆಮೊರಿ ಚಿಪ್‌ಗಳನ್ನು ತೋರಿಸಿದರು. 16ಕೆಗೆ ಎಂಟು ಚಿಪ್. ಉಳಿದ 32ಕೆಗೆ ಇನ್ನೊಂದು ಎಂಟು. ಈ ಎರಡನೇ ಸಾಲಿನವು ಅಸಲಿಗೆ 64 ಕಿಲೋಬಿಟ್ ಚಿಪ್‌ಗಳು, ಆದರೆ ತಯಾರಾಗುವಾಗಲೇ ಅರ್ಧ ಭಾಗ ಕೆಟ್ಟಿದ್ದವು. ಅವನ್ನು ಅಗ್ಗಕ್ಕೆ ಕೊಂಡು, ಚೆನ್ನಾಗಿರುವ ಅರ್ಧವನ್ನು ಮಾತ್ರ ಬಳಸುವ ಹಾಗೆ ಬೋರ್ಡ್ ಮಾಡಿದ್ದಾರೆ. ಕೊಳೆತ ಭಾಗ ತೆಗೆದು ಉಳಿದ ತರಕಾರಿಯನ್ನು ಸಾರಿಗೆ ಹಾಕುತ್ತೀವಲ್ಲ, ಹಾಗೆ. ನನಗೆ ಇದರ ಮೇಲೆ ಗೌರವ ಇನ್ನೂ ಹೆಚ್ಚಾಯಿತು.

ಕೆಟ್ಟಿದ್ದಕ್ಕೆ ಕಾರಣ ಅಡಾಪ್ಟರ್. 90ರ ದಶಕದಲ್ಲಿ ಮೂಲ ಅಡಾಪ್ಟರ್ ಹೋದಾಗ ಯಾರೋ ಅಂಗಡಿಯವರು "ಒಂಬತ್ತು ವೋಲ್ಟ್ ತಾನೇ, ಸರಿಹೋಗುತ್ತೆ" ಅಂತ ಬೇರೆಯದು ಕೊಟ್ಟರು. ಚುಚ್ಚಿದ್ದೇ ತಡ, ಮೆಷಿನ್ ಸತ್ತಿತು. ಸ್ಪೆಕ್ಟ್ರಮ್ ಪಿನ್ನಿನ ನಡುಭಾಗ ಮೈನಸ್. ಈಗಿನ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ನಡುವೆ ಪ್ಲಸ್. ದಯವಿಟ್ಟು ನೋಡಿ ಹಾಕಿ. ನಮ್ಮದರಲ್ಲಿ ಟಿಆರ್4 ಅನ್ನೋ ಟ್ರಾನ್ಸಿಸ್ಟರ್ ಹೋಗಿತ್ತು, ಜೊತೆಗೆ ಮೊದಲ ಸಾಲಿನ ಎರಡು ಮೆಮೊರಿ ಚಿಪ್. ಆ ಚಿಪ್‌ಗಳಿಗೆ ಮೂರು ಬೇರೆ ಬೇರೆ ವೋಲ್ಟೇಜ್ ಬೇಕು, ಒಂದು ತಪ್ಪಿದರೂ ಸುಟ್ಟುಹೋಗಬಹುದು. ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಒಣಗಿ ಸೀಳಿತ್ತು, ಅದನ್ನೂ ಹೊಸದು ಹಾಕಿಸಿದೆ. ಟಿವಿ ಸಿಗ್ನಲ್ ಡಬ್ಬಿಯನ್ನು ದಾಟಿಸಿ ನೇರ ವಿಡಿಯೋ ವೈರ್ ಎಳೆದರು, ಈಗಿನ ಟಿವಿಯ ಹಳದಿ ಸಾಕೆಟ್ಟಿಗೆ ಸರಿಯಾಗಿ ಕೂರುತ್ತದೆ. ಕೆಲಸ ಅಚ್ಚುಕಟ್ಟು, ಬೆಸುಗೆ ಕ್ಲೀನ್. ಹನ್ನೆರಡು ದಿನ ಹಿಡಿಯಿತು, ಅಷ್ಟು ಕಾಯಬಹುದು.

ಬಳಸೋಕೆ ಹೇಗಿದೆ? ಟೈಪ್ ಮಾಡಲು ಕಷ್ಟ. ರಬ್ಬರ್ ಮೇಲೆ ಬೆರಳು ಓಡುವುದಿಲ್ಲ. ಆದರೆ ಪಿ ಒತ್ತಿದರೆ ಪ್ರಿಂಟ್ ಅನ್ನೋ ಇಡೀ ಪದ ಬರುತ್ತದೆ, ಜೆ ಒತ್ತಿದರೆ ಲೋಡ್. ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತರು.

ಸಿಂಕ್ಲೇರ್ ಅವರ ಕಂಪ್ಯೂಟರ್ ವ್ಯಾಪಾರ ಮಾತ್ರ ಹೆಚ್ಚು ದಿನ ಬಾಳಲಿಲ್ಲ. 1984ರ ಕ್ಯೂಎಲ್ ಕಂಪ್ಯೂಟರನ್ನು ಪೂರ್ತಿ ತಯಾರಾಗುವ ಮುಂಚೆಯೇ ಘೋಷಿಸಿ ಹೆಸರು ಕೆಡಿಸಿಕೊಂಡರು. 1986ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ವ್ಯಾಪಾರ 50 ಲಕ್ಷ ಪೌಂಡಿಗೆ ಪ್ರತಿಸ್ಪರ್ಧಿ ಕಂಪನಿ ಆಮ್‌ಸ್ಟ್ರಾಡ್ ಪಾಲಾಯಿತು. ಸಿಂಕ್ಲೇರ್ 2021ರಲ್ಲಿ ತೀರಿಕೊಂಡರು.

ಇನ್ನು ಆ ಬಣ್ಣದ ವಿಷಯ. ಚಿಕ್ಕಪ್ಪನ ಕೈಬರಹದಲ್ಲಿ "ಅರಮನೆ" ಅಂತ ಬರೆದಿದ್ದ ಒಂದು ಕ್ಯಾಸೆಟ್ ಸಿಕ್ಕಿತು. ಟೇಪ್ ರೆಕಾರ್ಡರ್ ವಾಲ್ಯೂಮ್ ಜೋರು ಮಾಡಿ ಲೋಡ್ ಹಾಕಿದೆ. ಪರದೆ ಅಂಚಿನಲ್ಲಿ ಕೆಂಪು-ತಿಳಿನೀಲಿ ಪಟ್ಟಿ, ಆಮೇಲೆ ನೀಲಿ-ಹಳದಿ. ಇಷ್ಟು ವರ್ಷ ನಾನು ಅದನ್ನು ಸುಮ್ನೆ ಬೂದು ಗೆರೆ ಅಂದುಕೊಂಡಿದ್ದೆ. ಆಮೇಲೆ ಕಪ್ಪು ಪರದೆ ಮೇಲೆ ಒಂದೊಂದೇ ಚುಕ್ಕಿಯಾಗಿ ದೀಪ ಹೊತ್ತಿಸಿದ ಅರಮನೆ. ಇಡೀ ಪರದೆಯಲ್ಲಿ ಇರೋದೇ 49,152 ಚುಕ್ಕಿ, ನಿಜವಾದ ಅರಮನೆಯ ಬಲ್ಬುಗಳ ಸುಮಾರು ಅರ್ಧ. ಎಂಟಕ್ಕೆಂಟು ಚುಕ್ಕಿಯ ಒಂದು ಚೌಕದಲ್ಲಿ ಎರಡೇ ಬಣ್ಣ ಹಿಡಿಸುತ್ತದೆ. ಹಾಗಾಗಿ ಕೆಂಪು ಗುಮ್ಮಟದ ಪಕ್ಕದ ದೀಪಗಳೂ ಅಲ್ಲಲ್ಲಿ ಕೆಂಪಾಗಿದ್ದವು. ಉಳಿದದ್ದೆಲ್ಲ ಹಳದಿ.

ನಿಲ್ಲಿಸಿ ಪ್ರೋಗ್ರಾಂ ತೆರೆದು ನೋಡಿದೆ. ಗುಮ್ಮಟಕ್ಕೆ ಇಂಕ್ 2, ದೀಪಕ್ಕೆ ಇಂಕ್ 6. ಆ ಕಪ್ಪು-ಬಿಳುಪು ಟಿವಿ ಮುಂದೆ ಕೂತು ಚಿಕ್ಕಪ್ಪ ಪ್ರತಿ ಸಾಲಿಗೂ ಬಣ್ಣದ ನಂಬರ್ ಹಾಕಿದ್ದರು.