ಫೋನು, ಲ್ಯಾಪ್‌ಟಾಪು, ಬ್ರೈಲ್ ಸ್ಲೇಟು: ಒಂದು ವರ್ಷ ಬಳಸಿ ಕಂಡದ್ದು

ಸುರಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು, ಎಂಟನೆಯ ತರಗತಿಗೆ ಸೇರಿದ ಪೂರ್ಣ ಅಂಧ ವಿದ್ಯಾರ್ಥಿನಿಯೊಬ್ಬಳಿಗಾಗಿ ಕಳೆದ ವರ್ಷ ಮೂರು ಸಾಧನಗಳನ್ನು ಬಳಸಿ ನೋಡಿದೆ: ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್, ಲ್ಯಾಪ್‌ಟಾಪಿನಲ್ಲಿ ಅದೇ ಕೆಲಸ ಮಾಡುವ ಎನ್‌ವಿಡಿಎ, ಮತ್ತು ಅವಳು ಚಿಕ್ಕಂದಿನಲ್ಲೇ ಕಲಿತು ಬಹುಮಟ್ಟಿಗೆ ಕೈಬಿಟ್ಟಿದ್ದ, ಮೊನೆಯಿಂದ ಹಾಳೆಗೆ ಉಬ್ಬು ಚುಕ್ಕಿ ಚುಚ್ಚಿ ಬರೆಯುವ ಬ್ರೈಲ್ ಸ್ಲೇಟು.

ಪಾಠ ಓದಿಸಿಕೊಳ್ಳಲು ಫೋನೇ ಮೇಲು. ಅದರ ಕನ್ನಡ ಧ್ವನಿ ಸ್ಪಷ್ಟವಾಗಿದೆ, ಮಧ್ಯಾಹ್ನ ಕರೆಂಟು ಹೋದರೂ ಓದು ನಿಲ್ಲುವುದಿಲ್ಲ. ಇಯರ್‌ಫೋನನ್ನು ಮಾತ್ರ ಒಂದೇ ಕಿವಿಗೆ ಹಾಕಿಸಬೇಕು; ಎರಡಕ್ಕೂ ಹಾಕಿಕೊಂಡಿದ್ದ ಮೊದಲ ವಾರ ಅವಳಿಗೆ ಪುಸ್ತಕ ಕೇಳಿಸುತ್ತಿತ್ತು, ನಾನು ಕೇಳಿಸುತ್ತಿರಲಿಲ್ಲ.

ಎನ್‌ವಿಡಿಎ ಉಚಿತ ತಂತ್ರಾಂಶ. ಅದರೊಂದಿಗೆ ಬರುವ ಇಸ್ಪೀಕ್ ಧ್ವನಿ ಒರಟಾದರೂ ದೀರ್ಘ ಉತ್ತರ ಬರೆದು ತಿದ್ದಲು ಕೀಲಿಮಣೆಯೇ ಅನುಕೂಲ. ಆದರೆ ಎಲ್ಲ ಯಂತ್ರಗಳೂ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿಲ್ಲದ, 'ನುಡಿ' ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ನಾವು ಸಿದ್ಧಪಡಿಸಿದ ಪ್ರಶ್ನೆಪತ್ರಿಕೆಯನ್ನು ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಓದಿತು. ಅಕ್ಷರವಿರದೆ ಬರಿಯ ಚಿತ್ರವಾಗಿರುವ ಸ್ಕ್ಯಾನ್ ಮಾಡಿದ ಪುಟ ಬಂದಾಗಲಂತೂ ಸುಮ್ಮನಾಯಿತು. ಇದು ಯಂತ್ರದ ದೋಷವಲ್ಲ, ನಮ್ಮದು.

ಸ್ಲೇಟಿನ ಬೆಲೆ ತಿಳಿದದ್ದು ಉಕ್ತಲೇಖನದ ದಿನ. ಕೇಳಿಯೇ ಓದುತ್ತಿದ್ದ ಹುಡುಗಿ ಲ್ಯಾಪ್‌ಟಾಪಿನಲ್ಲಿ ಭೀಮಾ ನದಿಯನ್ನು 'ಬೀಮಾ' ಎಂದು ಬರೆದಿದ್ದಳು. ನಮ್ಮ ಭಾಗದ ಆಡುಮಾತಿನಲ್ಲಿ ಮಹಾಪ್ರಾಣ ಸವೆದೇ ಇರುತ್ತದೆ, ವೇಗವಾಗಿ ಓದುವ ಯಂತ್ರದ ಧ್ವನಿಯಲ್ಲೂ ಅದು ಗೊತ್ತಾಗುವುದಿಲ್ಲ. ಒಂದೊಂದು ಮನೆಯಲ್ಲಿ ಆರು ಚುಕ್ಕಿಗಳಿಗೆ ಜಾಗವಿರುವ ಬ್ರೈಲಿನಲ್ಲಾದರೋ 'ಬ' ಎಂದರೆ ಎಡಬದಿಯ 1 ಮತ್ತು 2ನೆಯ ಚುಕ್ಕಿ, 'ಭ' ಎಂದರೆ ಬಲಬದಿಯ 4 ಮತ್ತು 5. ಬರೆಯುವಾಗ ಅವೆರಡನ್ನೂ ಬೇರೆ ಬೇರೆಯಾಗಿಯೇ ಚುಚ್ಚಬೇಕು. ಒತ್ತಕ್ಷರವೂ ಹಾಗೆಯೇ: 'ಅಕ್ಕ' ಬರೆಯುವಾಗ ಮೊದಲ 'ಕ'ಕಾರಕ್ಕಿಂತ ಮುಂಚೆ, ಅದಕ್ಕೆ ಸ್ವರವಿಲ್ಲವೆಂದು ತೋರಿಸುವ 4ನೆಯ ಚುಕ್ಕಿಯನ್ನು ಚುಚ್ಚಲೇಬೇಕಾದ್ದರಿಂದ ಒತ್ತು ಮರೆತುಹೋಗುವುದು ಕಡಿಮೆ. ದಿನಕ್ಕೆ ಹತ್ತು ಪದಗಳಂತೆ ಬರೆಸತೊಡಗಿದ ಮೇಲೆ ಅವಳ ಕಾಗುಣಿತ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು.

ಸ್ಲೇಟಿನ ಕಷ್ಟಗಳೂ ಕಡಿಮೆಯಲ್ಲ. ಬಲದಿಂದ ಎಡಕ್ಕೆ ಕನ್ನಡಿಬಿಂಬದಂತೆ ಚುಚ್ಚಿ, ಹಾಳೆಯನ್ನು ಮಗುಚಿ ಓದಬೇಕು. ತಪ್ಪಿದ ಚುಕ್ಕಿಯನ್ನು ಅಳಿಸುವುದು ಸುಲಭವಲ್ಲ. ಟಕ್ ಟಕ್ ಸದ್ದಿಗೆ ಮೊದಮೊದಲು ಇಡೀ ತರಗತಿಯೇ ತಿರುಗಿ ನೋಡುತ್ತಿತ್ತು.

ಆದ್ದರಿಂದ ಈಗ ಪಾಠಕ್ಕೆ ಫೋನು, ದೀರ್ಘ ಉತ್ತರಕ್ಕೆ ಲ್ಯಾಪ್‌ಟಾಪು, ಕಾಗುಣಿತಕ್ಕೆ ಸ್ಲೇಟು ಎಂದು ಹಂಚಿಕೊಂಡಿದ್ದೇವೆ. ದಪ್ಪ ಬ್ರೈಲ್ ಹಾಳೆ ನಮ್ಮೂರಿನ ಅಂಗಡಿಗಳಲ್ಲಿ ಸಿಗದು. ವರ್ಷ ಮುಗಿದ ಕ್ಯಾಲೆಂಡರುಗಳನ್ನು ಅವಳ ಸಹಪಾಠಿಗಳು ಮನೆಯಿಂದ ತಂದುಕೊಡುತ್ತಾರೆ.