ಬೀಗ ಹಾಕಿದ ಕಪಾಟಿನ ಮದ್ದಿನಂಗಡಿ

ಅಡಿಕೆಗೆ ಮೊದಲ ಸುತ್ತಿನ ಮದ್ದು ಮಳೆ ಹಿಡಿಯುವ ಮೊದಲೇ ಆಗಬೇಕು. ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ನಮ್ಮ ಎಣ್ಮಕಜೆಯ ಪ್ರತಿ ಮನೆಯಲ್ಲೂ ಒಂದೇ ಮಾತು: ಮೈಲುತುತ್ತು (ತಾಮ್ರದ ಸಲ್ಫೇಟ್) ತಂದಾಯಿತೇ, ಸುಣ್ಣ ಸಿಕ್ಕಿತೇ, ಮರ ಹತ್ತುವವರು ಯಾವತ್ತು ಬರುತ್ತಾರೆ? ಈ ಸಲ ನಾನು ಹದಿನಾಲ್ಕು ವರ್ಷಗಳಿಂದ ಹೋಗುತ್ತಿದ್ದ ಅಂಗಡಿಯನ್ನು ಬಿಟ್ಟು, ಬದಿಯಡ್ಕದಿಂದ ಪೆರ್ಲಕ್ಕೆ ಬರುವ ದಾರಿಯ ಒಂದು ಸಣ್ಣ ಗೊಬ್ಬರ–ಮದ್ದಿನ ಅಂಗಡಿಗೆ ಹೋದೆ. ಹೆಸರು ಹಾಕುವುದು ಬೇಡವೆಂದು ಮಾಲಿಕರು ಕೇಳಿಕೊಂಡಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಅಂಗಡಿಯ ಪಕ್ಕದ ಚಾವಡಿಯಲ್ಲಿ ಮುಚ್ಚಳವಿರುವ ಎರಡು ನೀಲಿ ಡ್ರಮ್ಮುಗಳು ಕಂಡರೆ ಅದೇ ಎಂದು ತಿಳಿಯಿರಿ. ಒಂದು ಮಳೆಗಾಲದಲ್ಲಿ ಐದು ಸಲ ಹೋಗಿ ಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಅಂಗಡಿಯನ್ನು ಯಾಕೆ ಬಿಟ್ಟೆ ಎಂಬುದನ್ನು ಮೊದಲು ಹೇಳಬೇಕು. ಅಲ್ಲಿ ದನದ ಹಿಂಡಿಯ ಚೀಲಗಳ ಮೇಲೆಯೇ ಕೀಟನಾಶಕದ ಡಬ್ಬಿಗಳನ್ನು ಪೇರಿಸಿಡುತ್ತಿದ್ದರು. ಕಳೆದ ವರ್ಷ ನಾನು ತಂದ ಹಿಂಡಿ ಚೀಲದ ಮೂಲೆಯಲ್ಲಿ ಅಂಗೈ ಅಗಲದ ಎಣ್ಣೆಯ ಕಲೆಯಿತ್ತು, ಮೂಗಿಗೆ ಹೊಡೆಯುವ ವಾಸನೆಯಿತ್ತು. ಹಿಂದಕ್ಕೆ ಕೊಂಡುಹೋದೆ. ಅಂಗಡಿಯವರು ಬಟ್ಟೆಯಲ್ಲಿ ಒರೆಸಿ, "ಏನೂ ಆಗುವುದಿಲ್ಲ, ಹಾಕಿ" ಎಂದರು.

ಆ ಮೂರು ಪದಗಳನ್ನು ಕೇಳಿದಾಗ ನನ್ನ ಕೈ ನಡುಗಿತು. ನಾನು ಹುಟ್ಟಿ ಬೆಳೆದದ್ದು ಗೇರುಗುಡ್ಡದ ಬುಡದಲ್ಲಿ. 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಈ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಶಾಲೆಯ ಮಕ್ಕಳಾಗಿದ್ದ ನಾವು ಹೆಲಿಕಾಪ್ಟರ್ ನೋಡಲು ಅಂಗಳಕ್ಕೆ ಓಡುತ್ತಿದ್ದೆವು. ಬಾವಿ ಮುಚ್ಚಿಡಿ ಎಂದು ಹೇಳಿಕಳುಹಿಸುತ್ತಿದ್ದರು. ನಮ್ಮ ಮನೆಗೆ ಬಾವಿಯೇ ಇರಲಿಲ್ಲ. ಗುಡ್ಡದ ಹೊಟ್ಟೆ ಕೊರೆದ ಸುರಂಗದ ನೀರು, ಅದು ಬಂದು ಬೀಳುವ ತೆರೆದ ಕೆರೆ, ಇಷ್ಟೇ. ಸುರಂಗವನ್ನು ಯಾವ ತೆಂಗಿನ ಮಡಲಿನಿಂದ ಮುಚ್ಚುವುದು? ಕೇಳಿದ ದೊಡ್ಡವರಿಗೆಲ್ಲ ಸಿಕ್ಕಿದ ಉತ್ತರ "ಏನೂ ಆಗುವುದಿಲ್ಲ". ವಿಮಾನದಿಂದ ಮದ್ದು ಬಿಡುವುದಾದರೆ ಕನಿಷ್ಠ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಸಂಬಂಧವಿಲ್ಲದ ಮನುಷ್ಯರನ್ನೂ ದನಕರುಗಳನ್ನೂ ಆ ಜಾಗಕ್ಕೆ ಬಿಡಬಾರದು ಎಂದು 1971ರ ಕೀಟನಾಶಕ ನಿಯಮಗಳಲ್ಲಿ ಆಗಲೇ ಬರೆದಿತ್ತು. ಹೆಲಿಕಾಪ್ಟರ್ ಹಾರುವುದಕ್ಕೆ ಮೊದಲೇ ನಿಯಮವಿತ್ತು. ಸರಕಾರದ ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿ ಇಂದು ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ಹಾಗಾಗಿ ಮದ್ದಿನ ಅಂಗಡಿಯನ್ನು ನಾನು ಬೆಲೆಯಿಂದ ಅಳೆಯುವುದಿಲ್ಲ. ಅಲ್ಲಿರುವವರು ವಿಷವನ್ನು ವಿಷವೆಂದು ಹೇಳುತ್ತಾರೆಯೇ ಎಂದು ನೋಡುತ್ತೇನೆ. ನಮ್ಮ ಕಡೆಯ ಮಾತಿನಲ್ಲೇ ಒಂದು ತೊಡಕಿದೆ. ಜ್ವರದ ಗುಳಿಗೆಗೂ ಮದ್ದು, ಹುಳ ಕೊಲ್ಲುವ ವಿಷಕ್ಕೂ ಮದ್ದು. ಒಂದೇ ಪದವಾದ್ದರಿಂದ ಎರಡನೆಯದರ ಮೇಲೆ ಇರಬೇಕಾದ ಭಯ ಸವೆದುಹೋಗಿದೆ.

ಈ ಅಂಗಡಿಯೊಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಬೀಗ. ಗೊಬ್ಬರ, ಬೀಜ, ಹಿಂಡಿ ಎಲ್ಲವೂ ಮುಂದಿನ ಕೋಣೆಯಲ್ಲಿ. ಕೀಟನಾಶಕಗಳು ಹಿಂದಿನ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಬೀಗದ ಕೈ ಮಾಲಿಕರ ಸೊಂಟದಲ್ಲಿ. ಇದು ಅವರ ಔದಾರ್ಯವಲ್ಲ, ನಿಯಮ ಹೇಳುವುದೇ ಹೀಗೆ: ಕೀಟನಾಶಕವನ್ನು ಬೇರೆ ಸಾಮಾನುಗಳಿಂದ ದೂರದ ಪ್ರತ್ಯೇಕ ಕೋಣೆಯಲ್ಲಿಡಬೇಕು, ಇಲ್ಲವೇ ಪ್ರತ್ಯೇಕ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು. ನಾನು ಕಂಡ ಮದ್ದಿನ ಅಂಗಡಿಗಳಲ್ಲಿ ಹಾಗೆ ಮಾಡಿದ್ದು ಇದೊಂದೇ. ಗೋಡೆಯಲ್ಲಿ ಪರವಾನಗಿಯ ಪಕ್ಕದಲ್ಲಿ ಕೃಷಿ ಪರಿಕರ ಮಾರಾಟಗಾರರಿಗಾಗಿ ನಡೆಸುವ 48 ವಾರಗಳ ಡಿಪ್ಲೊಮಾದ ಪ್ರಮಾಣಪತ್ರ ತೂಗುತ್ತಿತ್ತು. ಅಂಗಡಿಗೆ ರಜೆಯಿರುವ ದಿನಗಳಲ್ಲಿ ಹೋಗಿ ಕಲಿತದ್ದಂತೆ. ಬೆಂಚಿನ ಮೇಲೆ ಕೂರಿಸಿ ಅವರು ನನಗೆ ಕೇಳಿದ ಮೊದಲ ಪ್ರಶ್ನೆ, "ಮೈಲುತುತ್ತನ್ನು ಯಾವ ಪಾತ್ರೆಯಲ್ಲಿ ಕರಗಿಸುತ್ತೀರಿ?"

ಪ್ಲಾಸ್ಟಿಕ್ ಬಾಲ್ದಿಯಲ್ಲಿ ಎಂದೆ. ಲೋಹದ ಪಾತ್ರೆಯಲ್ಲವೆಂದು ಅವರಿಗೆ ಸಮಾಧಾನವಾಯಿತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಅಡಿಕೆ ಬೆಳೆಯುವ ಎಲ್ಲರಿಗೂ ಗೊತ್ತು. ಆದರೆ ಸುಣ್ಣ ಹಳೆಯದಾದರೆ ಆ ಲೆಕ್ಕ ಕೆಡುತ್ತದೆ. ಮಿಶ್ರಣದಲ್ಲಿ ಒಂದು ಸ್ವಚ್ಛ ಚೂರಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು, ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿಯೇ ಉಳಿದಿದೆ, ಸುಣ್ಣ ಸಾಲದು ಎಂದು ಅರ್ಥ. ಇದನ್ನು ಅವರು ಗಾಜಿನ ಲೋಟದಲ್ಲಿ ಮಾಡಿಯೇ ತೋರಿಸಿದರು. ನನ್ನ ಹಿಂದೆ ನಾಲ್ಕು ಮಂದಿ ಕಾಯುತ್ತಿದ್ದರು, ಅವರೂ ನೋಡಿದರು. ತುಳುವಿನವರಿಗೆ ತುಳುವಿನಲ್ಲಿ, ಮಲಯಾಳದವರಿಗೆ ಮಲಯಾಳದಲ್ಲಿ, ನನಗೆ ಕನ್ನಡದಲ್ಲಿ ವಿವರಿಸಿದರು. ಕಿಲೋಗೆ ಹಳೆಯ ಅಂಗಡಿಗಿಂತ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟೆ. ಆ ಐದು ನಿಮಿಷಕ್ಕೆ ಅದು ಹೆಚ್ಚಲ್ಲ.

ಭಾಷೆಯ ವಿಷಯಕ್ಕೆ ಇನ್ನೂ ಒಂದು ಮಾತು. ಡಬ್ಬಿಯ ಮೇಲಿನ ಚೀಟಿ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಒಂದೆರಡು ಭಾಷೆಗಳಲ್ಲಿರಬೇಕು ಎಂದು ನಿಯಮವಿದೆ. ಕಾಸರಗೋಡಿಗೆ ಬರುವ ಸರಕಿನಲ್ಲಿ ಆ ಭಾಷೆ ಯಾವುದು? ಜುಲೈಯಲ್ಲಿ ನಾನು ತಂದ ಡಬ್ಬಿಯಲ್ಲಿ ಮಲಯಾಳವಿತ್ತು, ಕನ್ನಡವಿರಲಿಲ್ಲ. ನಮ್ಮ ಮನೆಯಲ್ಲಿ ಮದ್ದು ಕಲಸುವುದು ನನ್ನ ಅತ್ತೆ, ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಮಾಲಿಕರು ಒಂದು ಹಾಳೆ ತೆಗೆದು, ಎಷ್ಟು ನೀರಿಗೆ ಎಷ್ಟು, ಸಿಂಪಡಿಸಿ ಎಷ್ಟು ದಿನ ಬಿಟ್ಟು ತರಕಾರಿ ಕೊಯ್ಯಬೇಕು, ಕಣ್ಣಿಗೆ ಹಾರಿದರೆ ಮೊದಲು ಏನು ಮಾಡಬೇಕು ಎಂಬುದನ್ನು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಡಬ್ಬಿಗೆ ರಬ್ಬರ್ ಹಾಕಿ ಕಟ್ಟಿಕೊಟ್ಟರು. ಬಣ್ಣದ ಗುರುತನ್ನೂ ಹೇಳಿಕೊಟ್ಟರು. ಪ್ರತಿ ಡಬ್ಬಿಯ ಮೇಲೂ ಓರೆಯಾಗಿ ನಿಂತ ಚೌಕವಿದೆ, ಅದರ ಕೆಳಗಿನ ಅರ್ಧದಲ್ಲಿ ಬಣ್ಣ. ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ನಿರಪಾಯವೆಂದು ನಾನು ಇಷ್ಟು ವರ್ಷ ನಂಬಿದ್ದೆ. ಹಸಿರು ಚೌಕದ ಮೇಲಿನ ಅರ್ಧದಲ್ಲೂ "ಎಚ್ಚರಿಕೆ" ಎಂದೇ ಇರುತ್ತದೆ ಎಂದು ಅವರು ಬೆರಳಿಟ್ಟು ತೋರಿಸಿದರು.

ಮೂರನೆಯ ಸಲ ಹೋದದ್ದು ಹುಲ್ಲಿನ ವಿಷಯಕ್ಕೆ. ಮಳೆಗೆ ತೋಟದಲ್ಲಿ ಹುಲ್ಲು ಮೊಣಕಾಲೆತ್ತರ ಬಂದಿತ್ತು, ಕೊಚ್ಚಲು ಜನವಿಲ್ಲ. ಗಡಿಯಾಚೆ ಸಿಗುವ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ನಮ್ಮ ಸುತ್ತಿನವರು ತಂದು ಹೊಡೆಯುತ್ತಾರೆ, ನಿಮ್ಮಲ್ಲಿ ಇದೆಯೇ ಎಂದು ಕೇಳಿದೆ. ಕೇಳಿದ್ದು ನನ್ನ ತಪ್ಪು, ಈಗ ಒಪ್ಪಿಕೊಳ್ಳುತ್ತೇನೆ. ಅವರು ಇಲ್ಲ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಸುಮ್ಮನಾಗಲಿಲ್ಲ. 2011ರಲ್ಲಿ ಕೇರಳ ಸರಕಾರ ನಿಷೇಧಿಸಿದ 14 ಕೀಟನಾಶಕ, ಕಳೆನಾಶಕಗಳ ಪಟ್ಟಿಯನ್ನು ಮೇಜಿನ ಗಾಜಿನ ಕೆಳಗಿಂದ ತೋರಿಸಿದರು. ಪ್ಯಾರಾಕ್ವಾಟ್, ಫ್ಯುರಡಾನ್, ಫೋರೇಟ್ ಎಲ್ಲ ಅದರಲ್ಲಿವೆ. 2019ರಲ್ಲಿ ಗ್ಲೈಫೊಸೇಟ್ ಎಂಬ ಇನ್ನೊಂದು ಕಳೆನಾಶಕದ ಮಾರಾಟಕ್ಕೂ ಕೇರಳ ತಡೆ ಹಾಕಿದ್ದನ್ನು ಹೇಳಿದರು. ಆಮೇಲೆ, "ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷ ಇಲ್ಲ. ಆಸ್ಪತ್ರೆ ಹತ್ತಿರವಿದ್ದರೂ ಇಲ್ಲ. ನಿಮ್ಮ ಮನೆಯಲ್ಲಿ ಮಕ್ಕಳಿದ್ದಾರಲ್ಲ?" ಎಂದರು.

ಎಣ್ಮಕಜೆಯಿಂದ ಕರ್ನಾಟಕಕ್ಕೆ ನಡೆದೇ ಹೋಗಬಹುದು. ಗಡಿಯ ಈಚೆ ನಿಷೇಧವಾದದ್ದು ಆಚೆ ಕಪಾಟಿನಲ್ಲಿ ಸಾಲಾಗಿ ಕೂತಿರುತ್ತದೆ, ತೋಡಿನ ನೀರು ಮಾತ್ರ ಯಾವ ರಾಜ್ಯದ್ದೆಂದು ಕೇಳಿಕೊಂಡು ಹರಿಯುವುದಿಲ್ಲ. ಹೀಗಿರುವ ಜಾಗದಲ್ಲಿ ನಿಷೇಧವನ್ನು ಉಳಿಸುವುದು ಕೌಂಟರಿನ ಹಿಂದೆ ನಿಂತವರು. ಅವರು ಆ ದಿನ ನನಗೆ ಏನನ್ನೂ ಮಾರಲಿಲ್ಲ. ಹುಲ್ಲು ಕೊಚ್ಚುವ ಯಂತ್ರವನ್ನು ದಿನದ ಬಾಡಿಗೆಗೆ ಕೊಡುವ ಒಬ್ಬರ ಮನೆಯ ದಾರಿ ಹೇಳಿ ಕಳುಹಿಸಿದರು. ಎರಡು ದಿನದಲ್ಲಿ ತೋಟ ಚೊಕ್ಕಟವಾಯಿತು. ಕೊಚ್ಚಿದ ಹುಲ್ಲು ಅಡಿಕೆಯ ಬುಡಕ್ಕೇ ಬಿತ್ತು.

ಇನ್ನು ಆ ನೀಲಿ ಡ್ರಮ್ಮುಗಳು. ಈ ಬರಹಕ್ಕೆ ಕುಳಿತದ್ದೇ ಅವುಗಳಿಗಾಗಿ.

ಖಾಲಿ ಡಬ್ಬಿಯನ್ನು ಏನು ಮಾಡಬೇಕು? ಮರುಬಳಕೆಯಾಗದಂತೆ ಒಡೆದು, ವಸತಿಯಿಂದ ದೂರದಲ್ಲಿ ಹೂಳಬೇಕು ಎನ್ನುತ್ತವೆ 1971ರ ನಿಯಮಗಳು. ಬರೆದವರು ಬಯಲುಸೀಮೆಯ ಊರನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು, ಊರು ಒಂದು ಕಡೆ, ಹೊಲ ಇನ್ನೊಂದು ಕಡೆ. ನಮ್ಮಲ್ಲಿ ಹಾಗಲ್ಲ. ಪ್ರತಿ ತೋಟದ ನಡುವೆ ಒಂದು ಮನೆ, ಪ್ರತಿ ಮನೆಯ ಮೇಲ್ಬದಿಯಲ್ಲಿ ಇನ್ನೊಂದು ತೋಟ. ಮುರಕಲ್ಲಿನ ಗುಡ್ಡದಲ್ಲಿ ಎಲ್ಲಿ ಹೂಳಿದರೂ ಅದರೊಳಗಿನದು ಕೆಳಗಿನವರ ಸುರಂಗಕ್ಕೆ ಇಳಿಯುತ್ತದೆ. ನನ್ನ ಬಾಲ್ಯದಲ್ಲಿ ಹೂಳುತ್ತಲೂ ಇರಲಿಲ್ಲ. ಒಳ್ಳೆಯ ಗಟ್ಟಿ ಡಬ್ಬಿ ಎಂದು ತೊಳೆದು ಸೀಮೆಎಣ್ಣೆ ತರಲು, ಬಿತ್ತನೆ ಬೀಜ ಇಡಲು ಬಳಸುತ್ತಿದ್ದರು.

ಈಗ ಹಸಿರು ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ, ಮನೆಗೆ 50 ರೂಪಾಯಿ. ಕೆಲವರು ಮದ್ದಿನ ಡಬ್ಬಿಯನ್ನೂ ಅದೇ ಚೀಲಕ್ಕೆ ತುರುಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಚೀಲವನ್ನು ಸುರಿದು ಕೈಯಲ್ಲಿ ಬೇರ್ಪಡಿಸುವವರು ನಮ್ಮ ನೆರೆಮನೆಯವರೇ. 2016ರ ಘನತ್ಯಾಜ್ಯ ನಿಯಮಗಳು ಕೀಟನಾಶಕದ ಡಬ್ಬಿ, ಟ್ಯೂಬ್‌ಲೈಟ್, ಬ್ಯಾಟರಿ, ಅವಧಿ ಮೀರಿದ ಔಷಧಿಗಳನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿಯೇ ಎಣಿಸಿದ್ದವು.

ಈ ಅಂಗಡಿ ಡಬ್ಬಿಯನ್ನು ವಾಪಸು ತೆಗೆದುಕೊಳ್ಳುತ್ತದೆ. ತಾನು ಮಾರಿದ್ದನ್ನು ಮಾತ್ರವಲ್ಲ, ಬೇರೆ ಕಡೆ ಕೊಂಡದ್ದನ್ನೂ. ಒಂದೇ ಷರತ್ತು: ಮೂರು ಸಲ ತೊಳೆದಿರಬೇಕು, ತೊಳೆದ ನೀರು ತೋಡಿಗೆ ಹೋಗಿರಬಾರದು, ಸಿಂಪಡಿಸುವ ಟ್ಯಾಂಕಿಗೇ ಹೋಗಿರಬೇಕು. ಅವರು ಡಬ್ಬಿಯ ತಳಕ್ಕೆ ನಮ್ಮೆದುರೇ ಮೊಳೆಯಿಂದ ತೂತು ಹೊಡೆದು ಡ್ರಮ್ಮಿಗೆ ಹಾಕುತ್ತಾರೆ, ಪುಸ್ತಕದಲ್ಲಿ ತಾರೀಕು ಬರೆಯುತ್ತಾರೆ. ನಾನು ಮನೆಯ ಅಟ್ಟದಿಂದ ಇಳಿಸಿ ಕೊಟ್ಟದ್ದು ಹನ್ನೊಂದು ಡಬ್ಬಿ. ಮಾವನ ಕಾಲದ ಒಂದು ತಗಡಿನ ಡಬ್ಬಿಯಲ್ಲಿ ತಳಮಟ್ಟದಲ್ಲಿ ಏನೋ ಉಳಿದಿತ್ತು, ಚೀಟಿ ಅಳಿಸಿಹೋಗಿತ್ತು. ಅದನ್ನು ತೆರೆಯಲು ಅವರು ಬಿಡಲಿಲ್ಲ. ಮರದ ಹುಡಿ ತುಂಬಿದ ಬಾಲ್ದಿಯಲ್ಲಿ ನೆಟ್ಟಗೆ ನಿಲ್ಲಿಸಿ ಬೇರೆಯೇ ಇಟ್ಟರು.

ಆಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅಪಾಯಕಾರಿ ತ್ಯಾಜ್ಯವನ್ನು ವಿಧಿಪೂರ್ವಕ ವಿಲೇವಾರಿ ಮಾಡುವ ಕೇಂದ್ರವಿರುವುದು ಕೊಚ್ಚಿಯ ಹತ್ತಿರದ ಅಂಬಲಮುಗಳಿನಲ್ಲಿ, ಇಲ್ಲಿಂದ ಸುಮಾರು 350 ಕಿಲೋಮೀಟರ್. ಡ್ರಮ್ಮು ತುಂಬಿದ ತಕ್ಷಣ ಯಾರೂ ಬರುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಒಂದು ಸಲ ಎರಡು ಮಳೆಗಾಲ ಇಲ್ಲೇ ಇಟ್ಟುಕೊಳ್ಳಬೇಕಾಯಿತಂತೆ. ನನಗೆ ನಮ್ಮ ಜಿಲ್ಲೆಯ ಆ ಇನ್ನೊಂದು ದಾಸ್ತಾನು ನೆನಪಾಯಿತು. ಹೆಲಿಕಾಪ್ಟರ್ ನಿಂತು ವರ್ಷಗಳಾದ ಮೇಲೂ ಉಳಿಕೆ ಎಂಡೋಸಲ್ಫಾನ್ ರಾಜಪುರಂ, ಪೆರಿಯ, ಚೀಮೇನಿಯ ಗೋದಾಮುಗಳ ಬ್ಯಾರಲ್ಲುಗಳಲ್ಲಿ ಹಾಗೆಯೇ ಇತ್ತು. 2012ರಲ್ಲಿ ಅದನ್ನು ಹೊಸ ಡ್ರಮ್ಮುಗಳಿಗೆ ವರ್ಗಾಯಿಸಲು ಒಂದು ಕಾರ್ಯಾಚರಣೆಯೇ ಬೇಕಾಯಿತು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದು ಲಕ್ಷ ರೂಪಾಯಿ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಮಾಡಿಸಲು 2022ರಲ್ಲಿ ಅದೇ ಕೋರ್ಟು ಮತ್ತೆ ಸರಕಾರವನ್ನು ಗದರಬೇಕಾಯಿತು. ಆ ನಿಧಾನವನ್ನು ಕಂಡವಳಾದ್ದರಿಂದ, ಎರಡು ಮಳೆಗಾಲ ಡ್ರಮ್ಮು ಕಾದ ಈ ಅಂಗಡಿಯವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಕೊರತೆಗಳನ್ನೂ ಹೇಳಬೇಕು. ರಕ್ಷಣಾ ಸಾಮಗ್ರಿ ಸಾಲದು. ಕೈಗವಸು ಒಂದೇ ಅಳತೆಯದು, ನನ್ನ ಅತ್ತೆಯ ಕೈಯಿಂದ ಜಾರಿ ಬೀಳುತ್ತದೆ. ಮುಖಕ್ಕೆ ಹಾಕಲು ಇರುವುದು ಬಟ್ಟೆಯ ಮಾಸ್ಕ್ ಮಾತ್ರ, ಮದ್ದಿನ ಹನಿ ತಾಗಿದರೆ ಒದ್ದೆಯಾಗಿ ಮೂಗಿಗೇ ಅಂಟುತ್ತದೆ. ಅಡಿಕೆ ಮರದ ತುದಿಯಲ್ಲಿ ನಿಂತು ಮೈಮೇಲೆಲ್ಲ ನೀಲಿ ಸುರಿಸಿಕೊಳ್ಳುವ ಕೆಲಸಗಾರರು ಈ ಅಂಗಡಿಗೆ ಬರುವುದೇ ಇಲ್ಲ, ಬರುವವರು ನನ್ನಂಥ ತೋಟದವರು. ಹೇಳಬೇಕಾದ ಮಾತು ಹೇಳಬೇಕಾದವರನ್ನು ಮುಟ್ಟುತ್ತಿಲ್ಲ. ಇದನ್ನು ಮಾಲಿಕರಿಗೆ ಹೇಳಿದ್ದೇನೆ, ಮುಂದಿನ ಮೇ ತಿಂಗಳೊಳಗೆ ಸಣ್ಣ ಅಳತೆಯ ಕೈಗವಸು, ಸರಿಯಾದ ಮುಖಕವಚ ತರಿಸುತ್ತೇನೆ ಎಂದಿದ್ದಾರೆ. ಬಿಲ್ಲು ಮಲಯಾಳದಲ್ಲಿ ಮಾತ್ರ ಬರುತ್ತದೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಆ ಮುಖಕವಚ ಬಂದ ದಿನ.

ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಗ ಮಾತನಾಡಲು ಅವರಿಗೆ ಬಿಡುವಿರುತ್ತದೆ. ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆಯವರೆಗೆ ಬಾಗಿಲು ಹಾಕಿರುತ್ತದೆ. ಹೊಸದಾಗಿ ಏನಾದರೂ ಬೇಕಿದ್ದರೆ ಕೃಷಿಭವನದ (ಸರಕಾರದ ಕೃಷಿ ಕಚೇರಿಯ) ಚೀಟಿ ಕೇಳುತ್ತಾರೆ, ಮೊದಲೇ ಬರೆಸಿಕೊಳ್ಳಿ. ಅಟ್ಟದಲ್ಲಿ, ಕೊಟ್ಟಿಗೆಯ ಮಾಡಿನಲ್ಲಿ, ಪಂಪ್‌ಶೆಡ್ಡಿನ ಮೂಲೆಯಲ್ಲಿ ಒಮ್ಮೆ ಹುಡುಕಿ. ಖಾಲಿ ಡಬ್ಬಿಗಳನ್ನು ತೊಳೆದು, ಮುಚ್ಚಳ ಬೇರೆ ಮಾಡಿ, ಅಕ್ಕಿ ತರುವ ಚೀಲದಲ್ಲಿ ಅಲ್ಲ, ಬೇರೆ ಚೀಲದಲ್ಲಿ ತೆಗೆದುಕೊಂಡು ಹೋಗಿ. ಏನಾದರೂ ಉಳಿದಿರುವ ಹಳೆಯ ಡಬ್ಬಿ ಸಿಕ್ಕರೆ ಅಲುಗಾಡಿಸಬೇಡಿ, ಮಕ್ಕಳ ಕೈಗೆ ಸಿಗದಂತೆ ಬೇರೆ ಇಟ್ಟು ಮೊದಲು ಅವರಿಗೊಂದು ಫೋನ್ ಮಾಡಿ.