ಮನೆ ಪಾತಿಗೆ ಯಾವ ರಾಡಿಕ್ಕಿಯೊ? ಮೂರು ತಳಿಗಳ ಹೋಲಿಕೆ

ಫಿಲ್ಟರ್ ಕಾಫಿಪುಡಿಗೆ ಬೆರೆಸುವ ಚಿಕೋರಿಯೂ ಇಟಲಿಯ ಕೆಂಪು ಸೊಪ್ಪು ರಾಡಿಕ್ಕಿಯೊವೂ ಒಂದೇ ಜಾತಿಯ ಗಿಡ. ಅದನ್ನು ಬೇರಿಗಾಗಿ ಬೆಳೆಯುತ್ತಾರೆ, ಇದನ್ನು ಎಲೆಗಾಗಿ. ಇಲ್ಲಿ ಹೋಲಿಸಿರುವ ಮೂರು ತಳಿಗಳಿಗೂ ವೆನೆಟೊ ಪ್ರಾಂತ್ಯದ ಊರುಗಳದೇ ಹೆಸರು: ಕಿಯೋಜಾ, ಕಾಸ್ಟೆಲ್‌ಫ್ರಾಂಕೊ, ಟ್ರೆವೀಸೊ.

ಬಿತ್ತನೆ ಮೂರಕ್ಕೂ ಒಂದೇ. ಬೀಜ ಅರ್ಧ ಸೆಂ.ಮೀ. ಆಳಕ್ಕೆ, 4–5 ಎಲೆ ಬಂದ ಸಸಿಯನ್ನು ಒಂದಡಿ ಅಂತರದಲ್ಲಿ ನೆಡಬೇಕು. ಸುಳಿ ಮಣ್ಣಿನಲ್ಲಿ ಹೂತುಹೋದರೆ ಕೊಳೆಯುತ್ತದೆ. ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಎಳೆಯ ಎಲೆಗೆ ಕ್ಯಾಲ್ಸಿಯಂ ತಲುಪದೆ ಅಂಚು ಸುಡುತ್ತದೆ. ಅದು ಒಳಗೇ ಇರುವುದರಿಂದ ಕೊಯ್ದ ಮೇಲೇ ಗೊತ್ತಾಗುವುದು. ಬಿಸಿಲು ಜೋರಾದರೆ ಹೂಕಡ್ಡಿ ಎದ್ದು ಕಹಿ ಏರುತ್ತದೆ.

ಕಿಯೋಜಾ ಪುಟ್ಟ ಕೆಂಪು ಕೋಸಿನಂತೆ ದುಂಡಗೆ ಉಂಡೆ ಕಟ್ಟುತ್ತದೆ. ಬೇಗ ಬರುವ ಬಗೆ ನಾಟಿಯಾದ 65–75 ದಿನಕ್ಕೆ ಸಿದ್ಧ. ಒತ್ತಿದಾಗ ಗಟ್ಟಿ ಎನಿಸಿದ ದಿನವೇ ಕೊಯ್ಯಿರಿ, ಕಾದರೆ ಸೀಳುತ್ತದೆ. ಸಣ್ಣಗೆ ಹೆಚ್ಚಿ ಅರ್ಧ ಗಂಟೆ ಐಸ್ ನೀರಿನಲ್ಲಿಟ್ಟರೆ ಕಹಿ ಇಳಿಯುತ್ತದೆ. ಮೊದಲ ಸಲ ಬೆಳೆಯುವವರಿಗೆ ಇದೇ ಸರಿ.

ತಿನ್ನಲು ನಮ್ಮ ಮೆಚ್ಚಿನದು ಕಾಸ್ಟೆಲ್‌ಫ್ರಾಂಕೊ. ಕೆನೆಬಣ್ಣದ ಎಲೆಯ ಮೇಲೆ ಕೆಂಪು ಚುಕ್ಕೆ, ತೆರೆದ ಗುಲಾಬಿಯ ಆಕಾರ, ಮೂರರಲ್ಲಿ ಅತಿ ಕಡಿಮೆ ಕಹಿ. ಕೊಯ್ಲಿಗೆ ಎರಡು ವಾರ ಮೊದಲು ಹೊರಎಲೆಗಳನ್ನು ಮೇಲೆತ್ತಿ ದಾರ ಕಟ್ಟಿದರೆ ಒಳಗಿನವು ಬೆಳ್ಳಗಾಗುತ್ತವೆ. ಇಬ್ಬನಿ ಆರುವ ಮುನ್ನ ಕಟ್ಟಬೇಡಿ, ಒಳಗೆ ಲೋಳೆಯಾಗುತ್ತದೆ. ಎಣ್ಣೆ, ಉಪ್ಪು, ಎರಡು ಹನಿ ವಿನೆಗರ್ ಹಾಕಿ ಹಸಿಯಾಗಿಯೇ ತಿನ್ನಿ. ಬೇಯಿಸಿದರೆ ಬಣ್ಣವೂ ಇಲ್ಲ, ಗರಿಗರಿಯೂ ಇಲ್ಲ.

ತಡವಾಗಿ ಬರುವ ಟ್ರೆವೀಸೊ ಹೆಚ್ಚು ಕೆಲಸ ಬೇಡುತ್ತದೆ. ಅಲ್ಲಿನ ನಿಯಮದಂತೆ ಕನಿಷ್ಠ ಎರಡು ಸಲ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿದ್ದ ಮೇಲೆ ಬೇರುಸಹಿತ ಕಿತ್ತು, ಸುಮಾರು 11 ಡಿಗ್ರಿಯ ಒರತೆ ನೀರಿನಲ್ಲಿ ಬೇರು ಮುಳುಗಿಸಿ ಕತ್ತಲಲ್ಲಿ ನಿಲ್ಲಿಸುತ್ತಾರೆ. ಬೇರಿನಲ್ಲಿ ಕೂಡಿಟ್ಟ ಸತ್ವದಿಂದ ಹೊಸ ಚಿಗುರು ಬರುತ್ತದೆ: ಬಿಳಿ ದಂಟು, ಕಡುಗೆಂಪು ಅಂಚು, ತುದಿ ಒಳಕ್ಕೆ ಬಾಗಿದ ಎಲೆ. ಮನೆಯಲ್ಲಿ ಬಕೆಟ್ ಸಾಕು. ನೀರು ಬೇರಿಗಷ್ಟೇ ತಾಗಬೇಕು, ದಿನವೂ ಬದಲಾಯಿಸಬೇಕು, ಜಾಗ ತಣ್ಣಗಿರಬೇಕು. ಎರಡು-ಮೂರು ವಾರದ ನಂತರ ಕೊಳೆತ ಹೊರಎಲೆ ಸುಲಿದು, ಬೇರನ್ನು 5 ಸೆಂ.ಮೀ.ಗೆ ಕತ್ತರಿಸಿ ಹೆರೆಯಿರಿ. ಆ ಬೇರಿನ ತುಂಡನ್ನು ಬಿಸಾಡಬೇಡಿ, ಅದೂ ರುಚಿಯೇ. ಅಂಥ ಚಳಿಯೇ ಬೀಳದ ಬೆಂಗಳೂರಿನಂಥ ಕಡೆ ಇದಕ್ಕೆ ಕೈಹಾಕುವುದು ವ್ಯರ್ಥ. ಚಳಿಗಾಲಕ್ಕೆ ಕಿಯೋಜಾ ಪ್ರಯತ್ನಿಸಬಹುದು.

ಬೆಂಕಿಗೆ ಮಾತ್ರ ಟ್ರೆವೀಸೊಗೆ ಸಾಟಿಯಿಲ್ಲ. ಉದ್ದಕ್ಕೆ ನಾಲ್ಕು ಸೀಳಿ, ಆಲಿವ್ ಎಣ್ಣೆ ಸವರಿ, ಕಾದ ಕಾವಲಿಯಲ್ಲಿ ಒಂದೊಂದು ಬದಿ ಎರಡು ನಿಮಿಷ. ಇಟಲಿಯ ಮೆತ್ತನೆಯ ಅನ್ನದ ಅಡುಗೆ ರಿಸೊಟ್ಟೊಗಾದರೆ ಇಬ್ಬರಿಗೆ 150 ಗ್ರಾಂ ಅಕ್ಕಿ, ಅಷ್ಟೇ ಸೊಪ್ಪು. ಬೆಂದಾಗ ಕೆಂಪು ಕಂದಾಗುತ್ತದೆ. ಸ್ವಲ್ಪ ಕೆಂಪು ವೈನ್ ಹಾಕಿದರೆ ಅದರ ಹುಳಿಗೆ ಬಣ್ಣ ತಕ್ಕಮಟ್ಟಿಗೆ ಉಳಿಯುತ್ತದೆ.